ಮುಕ್ಕಾಲು ತಾಸು ಹಿಂದಿದ್ದ ಗಡಿಯಾರ

ತಾಯಿ ಆಸ್ಪತ್ರೆಗೆ ಬರುವ ಮೊದಲೇ ಕೂಸು ಹುಟ್ಟಿಬಿಟ್ಟಿತ್ತು. ಹಾಗಂತ ಕಂಪ್ಯೂಟರು ಚೀಟಿ ಕೊಟ್ಟಿತ್ತು. ಮಹಾಂತೇಶ ನಗರದ ಆ ಸಣ್ಣ ಖಾಸಗಿ ಆಸ್ಪತ್ರೆಯ ಮಾಲೀಕರು ಗುರುಪುತ್ರಪ್ಪನವರು ಬೆಳಿಗ್ಗೆ ಬಂದವರೇ ಆ ಚೀಟಿಯನ್ನು ಮಾಯಪ್ಪನ ಮೂಗಿಗೆ ಹಿಡಿದರು.

"ಇವತ್ತ ಟೈಮ್ ಸರಿ ಆಗ್ಬೇಕು. ಇಲ್ಲಂದ್ರ ನಾಳಿಂದ ನೀ ಬರಬ್ಯಾಡ."

ಕಂಪ್ಯೂಟರು ನೋಡಿಕೊಳ್ಳುವ ಮಾಯಪ್ಪನಿಗೆ ಆ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ. ರೋಗಿಗಳ ಎಂಟ್ರಿ ಮಾಡುವ ಯಂತ್ರ ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗಿತ್ತು. ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಕರೆಂಟು ಹೋದಾಗಲೆಲ್ಲ ಅದು ಮಲಗುತ್ತಿತ್ತು. ಎದ್ದ ಮೇಲೆ, ಮಧ್ಯಾಹ್ನ ತೂಕಡಿಸಿ ಎದ್ದ ಮುದುಕರ ಹಾಗೆ, ಮಲಗಿದ ಹೊತ್ತನ್ನೇ ಈಗಿನ ಹೊತ್ತೆಂದು ಸಾಧಿಸುತ್ತಿತ್ತು. ರಾತ್ರಿ ಆ ತಾಯಿಯ ಎಂಟ್ರಿ ಆದಮೇಲೆ ಕರೆಂಟು ಹೋಗಿ, ಈಗ ಮುಕ್ಕಾಲು ತಾಸು ಹಿಂದಿತ್ತು.

ಹತ್ತು ಗಂಟೆಗೆ ಎಂಟ್ರಿ ಬಂದ್ ಮಾಡಿ ಮಾಯಪ್ಪ ರಿಪೇರಿಗೆ ಕೂತ. ಕೂತದ್ದೇ ತಡ, ಬುದ್ಧಿ ಹೇಳುವವರು ಮುತ್ತಿಕೊಂಡರು.

"ನನ್ನ ವಾಚಿನ ಟೈಮ್ ಹಾಕ್ರಿ," ಎಂದರು ನರ್ಸ್ ಕಾಂತಾ. ಹಾಕಿದ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಹೊರಗಿನ ಕಂಪ್ಯೂಟರಿನ ಗಡಿಯಾರವೂ ತಪ್ಪಿತ್ತು, ಅದು ಮತ್ತೆ ಹಿಂದಕ್ಕೆಳೆಯಿತು.

"ಆಫ್ ಮಾಡಿ ಆನ್ ಮಾಡೋ, ಎಲ್ಲಾ ರೋಗಕ್ಕೂ ಅದ ಔಷಧ," ಎಂದು ಔಷಧ ಅಂಗಡಿಯ ಸಂಜಯ ತಾನೇ ಗುಂಡಿ ಒತ್ತಿಬಿಟ್ಟ. ಮಾಡಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ ಶುರುವಾಯಿತು.

ಕಾಂತಾ ಮತ್ತೊಮ್ಮೆ ಇಣುಕಿದರು. "ಹೊರಗ ಬೆಂಚಿನ ಮ್ಯಾಲ ಒಬ್ರು ಎದಿ ಹಿಡ್ಕೊಂಡು ಕುಂತಾರ್ರಿ. ಎಂಟ್ರಿ ಇಲ್ದ ಯಾರನ್ನೂ ಒಳಗ ತಗೋಬ್ಯಾಡ್ರಿ ಅಂದಾರ ಸಾಹೇಬ್ರು."

"ಐದ ಮಿನಿಟ್ ಕುಂದರ್ಸ್ರೀ," ಎಂದ ಮಾಯಪ್ಪ, ತಲೆಯೆತ್ತದೆ.

ಕೊನೆಗೂ ಎರಡು ಕಂಪ್ಯೂಟರುಗಳನ್ನೂ ಇಂಟರ್ನೆಟ್ಟಿನ ಒಂದೇ ಗಡಿಯಾರಕ್ಕೆ ಕಟ್ಟಿಹಾಕಿದಾಗ ಹತ್ತೂ ಐವತ್ತು. ಒಂದು ಸೆಕೆಂಡೂ ಆಚೀಚೆ ಇಲ್ಲ. ಗುರುಪುತ್ರಪ್ಪನವರು ಬೆನ್ನು ತಟ್ಟಿದರು. ಮಾಯಪ್ಪ ಹಗುರಾಗಿ ಚಹಾ ಕುಡಿಯಲು ಹೋದ.

ತಿರುಗಿ ಬಂದಾಗ ಬೆಂಚಿನ ಹತ್ತಿರ ಪದ್ಮವ್ವ ನಿಂತಿದ್ದಳು. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಅವನ ಪಕ್ಕದ ಮನೆಯ ಲಕ್ಷ್ಮಪ್ಪನ ಹೆಂಡತಿ, ಅವನನ್ನು ಎತ್ತಿ ಆಡಿಸಿದವಳು.

"ನಿಮ್ಮ ಲಕ್ಷ್ಮಪ್ಪ ಕಾಕಾ ಹ್ವಾದನೋ ಮಾಯಪ್ಪಾ," ಎಂದಳು. "ಈ ಚೀಟಿಯೊಳಗ ಏನ ಬರದಾರ, ಓದಿ ಹೇಳಪಾ."

ಎರಡು ಚೀಟಿ. ಗೇಟಿನ ಕಾವಲುಗಾರ ಬಂಡೆಪ್ಪ ಕೈಯಲ್ಲಿ ಬರೆದದ್ದು: ಬಂದದ್ದು ಹತ್ತೂ ಐದು. ಕಂಪ್ಯೂಟರಿನದು: ದಾಖಲಾದದ್ದು ಹತ್ತೂ ಐವತ್ತು, ಸಾವು ಹನ್ನೊಂದೂ ಹತ್ತು. ಮಾಯಪ್ಪ ಎರಡನ್ನೂ ಅಕ್ಕಪಕ್ಕ ಹಿಡಿದು ಲೆಕ್ಕ ಹಾಕಿದ. ಹಳೆಯ ಹಾಳು ಗಡಿಯಾರವೇ ಇದ್ದಿದ್ದರೆ ದಾಖಲಾದ ಹೊತ್ತೂ ಹತ್ತೂ ಐದೆಂದೇ ಬೀಳುತ್ತಿತ್ತು. ಆ ಮುಕ್ಕಾಲು ತಾಸು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗುರುಪುತ್ರಪ್ಪನವರು ಅವನ ಹೆಗಲ ಮೇಲಿಂದ ಬಗ್ಗಿ ಓದಿಕೊಂಡರು. ಮುಖ ಬಿಳಿಚಿತು.

"ಮಷಿನ್ ಬಂದ್ ಮಾಡಿ ಕುಂತಾಂವ ಇವನ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. "ನಾಳಿಂದ ನೀ ಬರಬ್ಯಾಡ."

ಪದ್ಮವ್ವನಿಗೆ ಒಂದೂ ತಿಳಿಯಲಿಲ್ಲ. ಮಾಯಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವಂಗ್ಯಾಕ ಬೈತೀರಿ ಸಾಹೇಬ್ರ? ಇವ ಅದಾನ ಅಂತನ ಧೈರ್ಯಾ ಮಾಡಿ ಇಲ್ಲಿಗೆ ಕರ್ಕೊಂಡ ಬಂದೀವ್ರಿ."