ಬಂಗುಡೆಯನ್ನು ಬುಟ್ಟಿಗೆ ಹಾಕಿಕೊಂಡದ್ದು

ಸುಬ್ಬಯ್ಯನ ಮಾನ ಮರ್ಯಾದೆ ಒಂದೇ ಹಗಲಿನಲ್ಲಿ ಸಿದ್ದಕಟ್ಟೆಯ ರಸ್ತೆಗೆ ಬಿದ್ದದ್ದಕ್ಕೆ ಕಾರಣ ಇಷ್ಟೇ: ಒಂದು ಬೆಕ್ಕು ಬುಟ್ಟಿಯೊಳಗೆ ಕೂರಲು ಒಪ್ಪಲಿಲ್ಲ.

ಬೆಕ್ಕು ಅವನದ್ದಲ್ಲ, ಅವನ ಅತ್ತೆ ಪೂವಮ್ಮನದ್ದು. ಬೆನ್ನ ಮೇಲೆ ಬಂಗುಡೆ ಮೀನಿಗಿರುವ ಹಾಗೆಯೇ ಅಂಕುಡೊಂಕು ಗೆರೆಗಳಿದ್ದುದರಿಂದ ಅವರು ಅದಕ್ಕೆ ಬಂಗುಡೆ ಎಂದೇ ಹೆಸರಿಟ್ಟಿದ್ದರು. ಪೂವಮ್ಮ ಮೊದಲು ಇದ್ದದ್ದು ಕನ್ಯಾನದಲ್ಲಿ, ಕಿರಿಯ ಮಗಳು ಹರ್ಷಿತಾಳ ಮನೆಯಲ್ಲಿ. ಅಲ್ಲಿ ಬಂಗುಡೆಗೆ ಮನಸ್ಸು ನಿಲ್ಲುವುದಿಲ್ಲ ಎಂದು ಹೇಳಿ, ನಾಲ್ಕು ದಿನದ ಮಟ್ಟಿಗೆ ಹಿರಿಯ ಮಗಳು ಶಶಿಪ್ರಭಾಳ ಮನೆಗೆ ಬಂದರು. ಬರುವಾಗ ಅಂಗಳದ ಮಾವಿನ ಮರದಲ್ಲಿ ಹೂವಿತ್ತು. ಈಗ ಹಣ್ಣು ತಿಂದು ಎಸೆದ ಗೊರಟುಗಳೂ ಮೊಳಕೆ ಬಿಟ್ಟಿದ್ದವು.

ಪೂವಮ್ಮ ಕೆಟ್ಟವರೇನಲ್ಲ. ಆದರೆ ಅತ್ತೆ ಎದುರಿಗಿರುವಾಗ ಅಳಿಯ ಬರಿಮೈಯಲ್ಲಿ ಕೂರುವ ಹಾಗಿಲ್ಲ. ಇಡೀ ದಿನ ಊರವರ ಪಂಪ್ ಬಿಚ್ಚಿ ಜೋಡಿಸಿ, ಮನೆಗೆ ಬಂದ ಕೂಡಲೇ ಅಂಗಿ ಕಳಚಿ, ಬೈರಾಸು ಹೆಗಲಿಗೆ ಹಾಕಿ ಜಗಲಿಯಲ್ಲಿ ಕಾಲು ಚಾಚಿ ಕೂರುವುದು, ಇದೊಂದೇ ಸುಬ್ಬಯ್ಯನಿಗೆ ಈ ಭೂಮಿಯ ಮೇಲಿದ್ದ ಸುಖ. ಅದು ಹೋಗಿತ್ತು. ನಮ್ಮ ಕಡೆಯ ಸೆಕೆಯಲ್ಲಿ ಸ್ವಂತ ಮನೆಯೊಳಗೆ ಗುಂಡಿ ಹಾಕಿದ ಅಂಗಿಯಲ್ಲಿ ತಿಂಗಳುಗಟ್ಟಲೆ ಕೂತು ನೋಡಿ, ಆಮೇಲೆ ಅವನನ್ನು ನಗಾಡಿ. ಅವನ ಕತ್ತಿನ ಸುತ್ತ ಬೆವರುಸಾಲೆ ಎದ್ದು ಹವಳದ ಸರ ಹಾಕಿದ ಹಾಗೆ ಕಾಣುತ್ತಿತ್ತು.

ಕೊನೆಗೆ ಪೂವಮ್ಮನೇ ಒಂದು ದಿನ ಹೇಳಿದರು: “ಇಲ್ಲಿಯೂ ಬಂಗುಡೆಗೆ ಸರಿ ಆಗುದಿಲ್ಲ ಶಶಿ. ಯಾರ ಹತ್ತಿರವೂ ಬರುದಿಲ್ಲ, ಮಂಚದ ಅಡಿಯಲ್ಲೇ ಇರ್ತದೆ. ನಾವು ಕನ್ಯಾನಕ್ಕೇ ಹೋಗ್ತೇವೆ.”

ಸುಬ್ಬಯ್ಯ ಅಲ್ಲಿಯೇ ಕುಣಿಯುವುದೊಂದು ಬಾಕಿ. ಕನ್ಯಾನದ ಅಳಿಯ, ಅಂದರೆ ಅವನ ಷಡ್ಡಕ ಜಯಪ್ರಕಾಶನಿಗೆ ಆಗಲೇ ಫೋನ್ ಮಾಡಿದ. ಜಯಪ್ರಕಾಶ, “ಬರ್ಲಿ, ಬರ್ಲಿ, ಅವರ ಮನೆಯೇ ಅಲ್ವಾ. ಭಾನುವಾರ ಸಂಜೆ ನಾನೇ ಬರ್ತೇನೆ” ಎಂದ. ಎಂಥ ಒಳ್ಳೆಯ ಹುಡುಗ ಎಂದುಕೊಂಡ ಸುಬ್ಬಯ್ಯ.

ಪೂವಮ್ಮನದ್ದು ಒಂದೇ ಷರತ್ತು. ಬಂಗುಡೆ ತಾನಾಗಿ ಬುಟ್ಟಿಯಲ್ಲಿ ಕೂರಬೇಕು. ಗೋಣಿಯಲ್ಲಿ ತುಂಬಿಸಿದರೆ, ಹಿಡಿದು ಅದುಮಿದರೆ ತಾನು ಹೊರಡುವವಳಲ್ಲ. “ಪುಚ್ಚೆಗೂ ಮಾನ ಅಂತ ಒಂದು ಉಂಟು ಅಳಿಯಂದ್ರೇ.”

ಪುಚ್ಚೆಯ, ಅಂದರೆ ಬೆಕ್ಕಿನ, ಮಾನ ಕಾಯುವವರಿಗೆ ಅಳಿಯನಿಗೂ ಅದು ಇದ್ದೀತು ಎಂದು ಹೊಳೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಸುಬ್ಬಯ್ಯ ಬುಟ್ಟಿ ಹಿಡಿದು ಕೆಲಸ ಶುರುಮಾಡಿದ. ಬಂಗುಡೆ ಮಂಚದಡಿಯಿಂದ ಕಪಾಟಿನ ಮೇಲೆ ಹಾರಿತು. ಅಲ್ಲಿಂದ ಟಿ.ವಿ. ಮೇಲೆ, ಟಿ.ವಿ.ಯಿಂದ ಸುಬ್ಬಯ್ಯನ ತಲೆಯ ಮೇಲೆ, ತಲೆಯಿಂದ ಕಿಟಕಿಗೆ. ಅವನ ಹಣೆಯ ಮೇಲೆ ಮೂರು ಗೀರು ನಾಮದ ಹಾಗೆ ಎದ್ದವು.

“ನೀವು ಯಾಕೆ ಅದನ್ನು ಹಾಗೆ ದುರುಗುಟ್ಟಿ ನೋಡುದು?” ಎಂದಳು ಶಶಿಪ್ರಭಾ, ಗೀರಿಗೆ ಅರಸಿನ ಹಚ್ಚುತ್ತ. “ನಿಮ್ಮ ಮುಖ ಕಂಡರೆ ನನಗೇ ಓಡುವ ಅಂತ ಕಾಣ್ತದೆ.”

ಸುಬ್ಬಯ್ಯ ಜಯಪ್ರಕಾಶನಿಗೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದ.

“ಸುಬ್ಬಣ್ಣ, ಅತ್ತಿಗೆ ಹೇಳಿದ್ದು ಸರಿ” ಎಂದ ಜಯಪ್ರಕಾಶ. “ಪುಚ್ಚೆಯನ್ನು ನೆಟ್ಟ ಕಣ್ಣಲ್ಲಿ ನೋಡಿದರೆ ಅದಕ್ಕೆ ಜಗಳಕ್ಕೆ ಕರೆದ ಹಾಗೆ. ಕಣ್ಣು ಮೆಲ್ಲಗೆ ಮುಚ್ಚಿ, ಮೆಲ್ಲಗೆ ತೆರೀರಿ. ಅದೂ ಹಾಗೆ ಮಾಡಿದ್ರೆ ನಿಮ್ಮ ಮೇಲೆ ನಂಬಿಕೆ ಬಂತು ಅಂತ ಲೆಕ್ಕ. ಮತ್ತೆ ಬುಟ್ಟಿಗೆ ಅದೇ ಬರ್ತದೆ.”

“ಹೌದಾ ಮಾರಾಯ? ನಿನಗೆ ಇದೆಲ್ಲ ಹೇಗೆ ಗೊತ್ತು?”

“ನಾನು ಅದರ ಜೊತೆ ಎಷ್ಟು ವರ್ಷ ಇದ್ದವ ಸುಬ್ಬಣ್ಣ!”

ಬಂಗುಡೆ ಕಾಂಪೌಂಡ್ ಗೋಡೆಯ ಮೇಲೆ ಬಾಲ ಸುತ್ತಿ ಕೂತಿತ್ತು. ಸುಬ್ಬಯ್ಯ ಅಂಗಳದ ನಡುವೆ ನಿಂತ. ಕಣ್ಣು ಮೆಲ್ಲಗೆ ಮುಚ್ಚಿದ. ಮೆಲ್ಲಗೆ ತೆರೆದ. ಬಂಗುಡೆ ಮುಖ ತಿರುಗಿಸಿತು. ಅವನು ಮತ್ತೆ ಮುಚ್ಚಿ ತೆರೆದ. ಹೀಗೆ ಇಸ್ಪೀಟಿನಲ್ಲಿ ಜೊತೆಗಾರನಿಗೆ ಸನ್ನೆ ಮಾಡುವವನ ಹಾಗೆ ಮಾಡುತ್ತಲೇ ಇದ್ದ.

ಗೋಡೆಯ ಆಚೆ ಪಕ್ಕದ ಮನೆಯ ಭೋಜಣ್ಣ ಹಲ್ಲುಜ್ಜುತ್ತ ನಿಂತಿದ್ದರು. ಮೂಡುಬಿದಿರೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿ ಕೂತವರು. ಮಾಡಲು ಕೆಲಸವಿಲ್ಲದ ಕಾರಣ ಪರರ ಕೆಲಸದಲ್ಲಿ ತುಂಬ ಆಸಕ್ತಿ. ಬೆಕ್ಕು ಅವರ ಕಣ್ಣಿಗೆ ಬೀಳಲಿಲ್ಲ, ಸುಬ್ಬಯ್ಯನ ಕಣ್ಣುಗಳು ಬಿದ್ದವು. ಭೋಜಣ್ಣನ ಮುಖ ಅರಳಿತು. ಬಾಯಿಯ ನೊರೆ ಉಗಿದು, ಕಂಡಕ್ಟರ್ ಸ್ವರದಲ್ಲಿ ಕೇಳಿದರು:

“ಎಂತ ಸುಬ್ಬಯ್ಯ, ಬೆಳಿಗ್ಗೆಯೇ ಹೋಗುವ ಅಂತೀಯಾ? ಬಾರ್ ತೆರೆಯುದು ಹತ್ತಕ್ಕೆ ಅಲ್ವಾ ಮಾರಾಯ!”

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಪೂವಮ್ಮನ ಕೈ ನಿಂತಿತು.

“ನಾನು ನಿಮ್ಮನ್ನು ಕರೆದದ್ದಲ್ಲ!” ಸುಬ್ಬಯ್ಯ ಹಲ್ಲು ಕಚ್ಚಿ ಹೇಳಿದ.

“ಕಣ್ಣು ಹೊಡೆದದ್ದು ಯಾರಿಗೆ ಮತ್ತೆ?”

“ಬಂಗುಡೆಗೆ!”

ಭೋಜಣ್ಣ ಸ್ವಲ್ಪ ಯೋಚಿಸಿದರು. “ಆಯ್ತು, ಬಂಗುಡೆ ಫ್ರೈಯೇ ತೆಕ್ಕೊಳ್ಳುವ. ನನಗೆ ಅಡ್ಡಿ ಇಲ್ಲ. ಅಂಗಿ ಹಾಕಿ ಬರ್ತೇನೆ.”

ಇದೇ ಹೊತ್ತಿಗೆ ಗೋಡೆಯ ಮೇಲೆ ಕೂತ ಬಂಗುಡೆ ಸುಬ್ಬಯ್ಯನತ್ತ ನೋಡಿ, ನಿಧಾನವಾಗಿ ಎರಡೂ ಕಣ್ಣು ಮುಚ್ಚಿ ತೆರೆಯಿತು. ಅವನು ಕಂಡೇ ಕಂಡ. “ಶಶೀ! ಮುಚ್ಚಿತು! ಕಣ್ಣು ಮುಚ್ಚಿತು ನೋಡು!” ಎಂದು ಬೊಬ್ಬೆ ಹಾಕಿದ. ಆ ಬೊಬ್ಬೆಗೆ ಬಂಗುಡೆ ಗೋಡೆಯಿಂದ ಹಾರಿ, ರಸ್ತೆ ದಾಟಿ ಎಲ್ಲಿಗೋ ಹೋಯಿತು. ಕೈಗೆ ಬಂದ ನಂಬಿಕೆಯನ್ನು ಬಾಯಿಯಿಂದ ಓಡಿಸಿದ ಇಂಥ ದಡ್ಡನಿಗೆ ಏನು ಹೇಳುವುದು!

“ಬೆಳಿಗ್ಗೆಯೇ ತೆಕ್ಕೊಳ್ತಾರಾ ಶಶಿ?” ಪೂವಮ್ಮ ಮೆಲ್ಲಗೆ ಕೇಳಿದ್ದು ಅಂಗಳಕ್ಕೂ ಕೇಳಿಸಿತು.

ಹನ್ನೊಂದಾದರೂ ಬಂಗುಡೆ ಬರಲಿಲ್ಲ. ಪೂವಮ್ಮ ಚಹಾ ಕುಡಿಯಲಿಲ್ಲ. ಬೆಕ್ಕು ಸಿಗದಿದ್ದರೆ ಅತ್ತೆ ಹೊರಡುವುದಿಲ್ಲ, ಇದು ನಿಶ್ಚಯ. ಸುಬ್ಬಯ್ಯನ ಮಂಡೆ ಬೆಚ್ಚವಾಯಿತು. ಮತ್ತೆ ಜಯಪ್ರಕಾಶನಿಗೆ ಫೋನ್.

“ಮೀನಿನ ಹಾರ್ನ್ ಕೇಳಿದರೆ ಎಲ್ಲಿದ್ದರೂ ಬರ್ತದೆ ಸುಬ್ಬಣ್ಣ. ನಮ್ಮಲ್ಲಿ ಎಷ್ಟು ಸಲ ಹಾಗೇ ಸಿಕ್ಕಿದ್ದು. ಹಾರ್ನ್ ಹೊಡೆದು ಹೆಸರು ಹಿಡಿದು ಪ್ರೀತಿಯಲ್ಲಿ ಕರೀರಿ.”

ಇದು ಸತ್ಯ. ಸ್ಕೂಟರಿನಲ್ಲಿ ಮೀನು ತರುವ ಅಬ್ದುಲ್ ರಹಿಮಾನನ ಹಾರ್ನಿಗೆ ಊರಿನ ಬೆಕ್ಕುಗಳೆಲ್ಲ ಗೇಟಿಗೆ ಬರುತ್ತವೆ, ಹೆಂಗಸರಿಗಿಂತ ಮೊದಲು. ಸುಬ್ಬಯ್ಯ ಓಡಿ ಜಂಕ್ಷನಿನಲ್ಲಿ ಅವನನ್ನು ಹಿಡಿದ. ರಹಿಮಾನ್ ವ್ಯಾಪಾರ ಮುಗಿಸಿ ಸೋಡಾ ಕುಡಿಯುತ್ತಿದ್ದ.

“ಮೀನು ಖಾಲಿ ಸುಬ್ಬಣ್ಣ. ಪೆಟ್ಟಿಗೆಯಲ್ಲಿ ವಾಸನೆ ಮಾತ್ರ ಉಂಟು.”

“ವಾಸನೆಯೇ ಸಾಕು. ಸ್ಕೂಟರ್ ಕೊಡು ಮಾರಾಯ, ಒಂದು ಸುತ್ತು ಹೋಗಿ ಬರ್ತೇನೆ.”

ರಹಿಮಾನ್ ಅವನ ಹಣೆಯ ಗೀರುಗಳನ್ನೂ ಅರಸಿನವನ್ನೂ ನೋಡಿ, ಇವನ ಹತ್ತಿರ ಮಾತು ಬೇಡವೆಂದು ಕೀ ಕೊಟ್ಟುಬಿಟ್ಟ.

ಸುಬ್ಬಯ್ಯ ಹೊರಟ. ಪೋಂ... ಪೋಂ ಪೋಂ! “ಬಂಗುಡೇ! ಬಂಗುಡೇ ಬಾ!” ಪೋಂ ಪೋಂ! “ಬಂಗುಡೇ!”

ಮೊದಲ ತಿರುವಿನಲ್ಲಿಯೇ ನಾಲ್ಕು ಬೆಕ್ಕು ಹಿಂದೆ ಬಿದ್ದವು. ಎರಡನೆಯ ತಿರುವಿಗೆ ಅವು ಎಷ್ಟಾದವೆಂದು ಅವನು ನೋಡಲಿಲ್ಲ. ಮೆರವಣಿಗೆಯಲ್ಲಿ ಕರಿಯ, ಬಿಳಿಯ, ಕಿವಿ ಹರಿದ, ಬಾಲ ತುಂಡಾದ ಎಲ್ಲ ನಮೂನೆಯೂ ಇದ್ದವು. ಬಂಗುಡೆಯೊಂದೇ ಇರಲಿಲ್ಲ. ಅಷ್ಟರಲ್ಲಿ ಗೇಟುಗಳು ತೆರೆದವು. ಬೋಗುಣಿ, ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ ಹಿಡಿದು ಹೆಂಗಸರು ರಸ್ತೆಗೆ ಬಂದರು.

“ಬಂಗುಡೆ ಹೇಗೆ ಇವತ್ತು?” ಮುಂದೆ ನಿಂತವಳು ಸುರಕ್ಷಾ. ಅವಳ ಮನೆಗೆ ಮಧ್ಯಾಹ್ನಕ್ಕೆ ನೆಂಟರು ಬರುವವರಿದ್ದರು.

“ಬಂಗುಡೆ ಇಲ್ಲ.”

“ಈಗ ನೀವೇ ಕೂಗಿದ್ದಲ್ವಾ? ಇಲ್ಲದ ಬಂಗುಡೆಯನ್ನು ಯಾಕೆ ಕೂಗುದು?”

“ಇಲ್ಲ ಅಂತಲೇ ಕೂಗುದು ತಂಗಿ! ಇದ್ದಿದ್ರೆ ಕೂಗ್ತಿದ್ನಾ?”

“ಪೆಟ್ಟಿಗೆ ತೆರೀರಿ ನೋಡುವ” ಎಂದರು ಹಿಂದಿನ ಓಣಿಯ ಬೀಬಿ. “ನಾನು ಪುಳಿಮುಂಚಿಗೆ ಮಸಾಲೆ ಅರೆದು ಇಟ್ಟು ಬಂದಿದ್ದೇನೆ. ದೊಡ್ಡ ಮನೆಯವರಿಗೆ ಅಂತ ಒಳ್ಳೆಯದನ್ನು ಅಡಗಿಸಿ ಇಟ್ಟಿದ್ದೀರಾ?”

“ಅಯ್ಯೋ, ಬಂಗುಡೆ ಅಂದ್ರೆ ಮೀನಲ್ಲ, ಪುಚ್ಚೆ!”

ಬೀಬಿ ಸುಬ್ಬಯ್ಯನ ಹಿಂದೆ ನಿಂತ ಬೆಕ್ಕುಗಳ ಸಾಲು ನೋಡಿದರು. ಮೀನಿನ ಪೆಟ್ಟಿಗೆ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

“ಬಂಗುಡೆ ಅಂತ ಹೇಳಿ ಪುಚ್ಚೆ ಮಾರ್ತಾರೆ!”

ಅಲ್ಲಿಂದ ಮುಂದೆ ಯಾರು ಏನು ಹೇಳಿದರೆಂದು ವಿಂಗಡಿಸಲು ಸಾಧ್ಯವಿಲ್ಲ. ಹಿಂದಿನ ವಾರ ತಿಂದ ಸಾರಿನ ಮುಳ್ಳುಗಳ ಮೇಲೆಯೂ ಕೆಲವರಿಗೆ ಸಂಶಯ ಹುಟ್ಟಿತು. ಗಲಾಟೆ ಕೇಳಿ ಓಡಿ ಬಂದ ರಹಿಮಾನ್ ಎಲ್ಲರ ಕಾಲಿಗೂ ಬೀಳುವುದೊಂದು ಬಾಕಿ. “ನನ್ನ ವ್ಯಾಪಾರ ಹಾಳು ಮಾಡಿದ್ರಲ್ಲ ಸುಬ್ಬಣ್ಣ!” ಎಂದು ಸ್ಕೂಟರ್ ಕಸಿದುಕೊಂಡ. ಎಳೆದಾಟದಲ್ಲಿ ಪೆಟ್ಟಿಗೆ ಮಗುಚಿ, ಅದರಲ್ಲಿದ್ದ ಮಂಜುಗಡ್ಡೆಯ ನೀರು ಪೂರಾ ಸುಬ್ಬಯ್ಯನ ಅಂಗಿಯ ಮೇಲೆ ಸುರಿಯಿತು. ಇಸ್ತ್ರಿಯ ಅಂಗಿ ಹಾಕಿ ಬಾರಿಗೆ ಹೋಗಲು ಸಿದ್ಧರಾಗಿ ಬಂದ ಭೋಜಣ್ಣ ಇದನ್ನೆಲ್ಲ ನೋಡಿ, “ಹೋಗದೆಯೇ ಇಷ್ಟು! ಹೋಗಿದ್ದರೆ?” ಎಂದು ತಿರುಗಿ ನಡೆದರು.

ಸುಬ್ಬಯ್ಯ ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಪೂವಮ್ಮ ಉಪವಾಸವೇ ಮಲಗಿದ್ದರು. ಅವನಿಗೆ ಸಿಟ್ಟು ಎಲ್ಲಿಂದ ಬಂತೋ, ಬುಟ್ಟಿಯನ್ನು ಅಂಗಳಕ್ಕೆ ಎಸೆದ. ಕೊನೆಯ ಸಲ ಫೋನ್ ಮಾಡಿ ಜಯಪ್ರಕಾಶನಿಗೆ ಎರಡು ಬೈದ.

“ಸುಬ್ಬಣ್ಣ, ಇನ್ನು ಎಂತದೂ ಮಾಡಬೇಡಿ” ಎಂದ ಜಯಪ್ರಕಾಶ, ಬೈಗಳು ನೀರೆಂಬಂತೆ ನುಂಗಿ. “ಕರೀಬೇಡಿ, ನೋಡಬೇಡಿ. ಸುಮ್ಮನೆ ನೆಲದಲ್ಲಿ ಕೂತುಕೊಳ್ಳಿ. ಪುಚ್ಚೆ ತನ್ನನ್ನು ಲೆಕ್ಕಕ್ಕೆ ಇಡದವರ ಹತ್ತಿರವೇ ಬರುದು.”

ಸುಬ್ಬಯ್ಯನಲ್ಲಿ ಬೇರೆ ಏನೂ ಮಾಡುವ ಶಕ್ತಿ ಉಳಿದಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತ. ಹಾಗೆಯೇ ನಿದ್ದೆ ಹೋಯಿತು.

ಹೊಟ್ಟೆಯ ಮೇಲೆ ಯಾರೋ ಚಪಾತಿ ಹಿಟ್ಟು ನಾದಿದ ಹಾಗಾಗಿ ಎಚ್ಚರವಾಯಿತು. ಬಂಗುಡೆ! ಮೀನಿನ ನೀರಿನಲ್ಲಿ ನೆಂದ ಅಂಗಿಯನ್ನು ಮುಂಗಾಲಿನಿಂದ ಒಂದಾದ ಮೇಲೊಂದು ಒತ್ತುತ್ತ, ಹಳೆಯ ಪಂಪಿನ ಹಾಗೆ ಗುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ಮಡಿಲಲ್ಲಿ ಸುರುಳಿ ಸುತ್ತಿ ಮಲಗಿತು. ಸುಬ್ಬಯ್ಯ ಉಸಿರು ಬಿಗಿಹಿಡಿದು, ಎರಡು ಬೆರಳಿನಲ್ಲಿ ಜೇಬಿನಿಂದ ಫೋನ್ ತೆಗೆದು ಪಿಸುಗುಟ್ಟಿದ.

“ಜಯಪ್ರಕಾಶ, ಬಂತು! ಮಡಿಲಲ್ಲಿ ಉಂಟು! ಎತ್ತಿ ಬುಟ್ಟಿಗೆ ಹಾಕಲಾ?”

“ಬೇಡ ಬೇಡ! ಎಬ್ಬಿಸಿದರೆ ಇಡೀ ದಿನದ ಕೆಲಸ ಹಾಳು. ಹಾಗೆಯೇ ಇರ್ಲಿ. ಅತ್ತೆ ಎದ್ದು ಅವರ ಕಣ್ಣಾರೆ ನೋಡ್ಲಿ. ನಾನು ಈಗಲೇ ಹೊರಟೆ.”

ಸುಬ್ಬಯ್ಯ ಗೊಂಬೆಯ ಹಾಗೆ ಕೂತ. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು. ಅವನು ಅಲುಗಲಿಲ್ಲ. ಇನ್ನೊಂದೆರಡು ಗಂಟೆ, ಆಮೇಲೆ ಜಗಲಿ ತನ್ನದು, ಗಾಳಿ ತನ್ನದು!

ಸಂಜೆಯ ಚಹಾದ ಹೊತ್ತಿಗೆ ಪೂವಮ್ಮ ಎದ್ದು ಹೊರಗೆ ಬಂದರು. ಬಾಗಿಲಲ್ಲಿಯೇ ನಿಂತರು. ನೋಡಿದರು. ಕಣ್ಣಲ್ಲಿ ನೀರು ತುಂಬಿತು.

“ಶಶೀ, ಇಲ್ಲಿ ಬಾ. ನಿನ್ನ ಅಪ್ಪ ಹೋದ ಮೇಲೆ ಬಂಗುಡೆ ಒಬ್ಬರ ಮಡಿಲಿಗೂ ಹೋದದ್ದಿಲ್ಲ. ಕನ್ಯಾನದಲ್ಲಿ ಅಷ್ಟು ವರ್ಷ ಇದ್ದರೂ ಜಯಪ್ರಕಾಶನ ನೆರಳು ಕಂಡರೆ ಓಡ್ತಿತ್ತು. ಅದು ಹುಡುಕ್ತಾ ಇದ್ದದ್ದು ಈ ಮಡಿಲನ್ನೇ.”

“ಹೌದು ಅತ್ತೆ” ಎಂದ ಸುಬ್ಬಯ್ಯ ಹೆಮ್ಮೆಯಿಂದ. “ಇನ್ನು ಮೆಲ್ಲಗೆ ಬುಟ್ಟಿ ಹತ್ತಿರ ತನ್ನಿ.”

“ಬುಟ್ಟಿ ಯಾಕೆ? ಅದಕ್ಕೆ ಮನೆ ಸಿಕ್ಕಿತು. ಇನ್ನು ಅದನ್ನು ಇಲ್ಲಿಂದ ಎಬ್ಬಿಸಿದರೆ ನನಗೆ ಪಾಪ ಬರ್ತದೆ ಅಳಿಯಂದ್ರೇ. ನಾನು ಎಲ್ಲಿಗೂ ಹೋಗುದಿಲ್ಲ. ಶಶಿ, ನನ್ನ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಇಡು.”

ಆಗ ಗೇಟಿನ ಹೊರಗೆ ಗಾಡಿ ನಿಂತ ಸದ್ದಾಯಿತು. ಜಯಪ್ರಕಾಶ ಬಂದ! ಅವನಾದರೂ ಅತ್ತೆಗೆ ನಾಲ್ಕು ಮಾತು ಹೇಳಿ ಒಪ್ಪಿಸಿಯಾನು. ಸುಬ್ಬಯ್ಯ ಮಲಗಿದ ಬೆಕ್ಕನ್ನು ತೋಳಲ್ಲಿ ಎತ್ತಿಕೊಂಡೇ, ಜೋಮು ಹಿಡಿದ ಕಾಲೆಳೆಯುತ್ತ ಗೇಟಿಗೆ ಓಡಿದ.

ಜಯಪ್ರಕಾಶ ಕಾರಿನಲ್ಲಿ ಬಂದಿರಲಿಲ್ಲ. ಬಾಡಿಗೆಯ ಪಿಕಪ್ಪಿನಲ್ಲಿ ಬಂದಿದ್ದ. ಹಿಂದುಗಡೆ ಟಾರ್ಪಾಲಿನ ಅಡಿಯಲ್ಲಿ, ಹಗ್ಗದಿಂದ ಬಿಗಿದು ಕಟ್ಟಿದ ಒಂದು ಹಲಸಿನ ಮರದ ಮಂಚ, ಎರಡು ತಗಡಿನ ಪೆಟ್ಟಿಗೆ, ಒಂದು ಅರೆಯುವ ಕಲ್ಲು, ಪೂವಮ್ಮನ ಗಂಡನ ಚೌಕಟ್ಟು ಹಾಕಿದ ಫೋಟೋ. ಕನ್ಯಾನದ ಮನೆಯಲ್ಲಿ ಪೂವಮ್ಮನದ್ದೆಂದು ಇದ್ದದ್ದರಲ್ಲಿ ಒಂದು ಚಮಚವೂ ಹಿಂದೆ ಉಳಿದಂತೆ ಕಾಣಲಿಲ್ಲ.

ಸುಬ್ಬಯ್ಯ ಆ ರಾಶಿಯನ್ನು ನೋಡಿದ. ಷಡ್ಡಕನ ಮುಖ ನೋಡಿದ. ಹೊಟ್ಟೆಯಿಂದ ಎದ್ದುಬಂದ ಬೈಗಳು ಗಂಟಲಿಗೆ ತಲಪುವಷ್ಟರಲ್ಲಿ ಹಿಂದಿನಿಂದ ಅತ್ತೆಯ ಸ್ವರ ಕೇಳಿತು: “ಮೆಲ್ಲಗೆ ಅಳಿಯಂದ್ರೇ, ಅದು ಮಲಗಿದೆ!”

ಜಯಪ್ರಕಾಶ ಹಗ್ಗದ ಗಂಟು ಬಿಚ್ಚುತ್ತ, ದನಿ ತಗ್ಗಿಸಿ ಕೇಳಿದ:

“ಸುಬ್ಬಣ್ಣ, ಒಂದು ಕೈ ಕೊಡ್ತೀರಾ? ಮಂಚ ಸ್ವಲ್ಪ ಭಾರ ಉಂಟು.”