ಎಂಟು ಹಾಕಿದ ಅಳಿಯ

ಬೈಯಪ್ಪನಹಳ್ಳಿಯ ಯು-ಟರ್ನಿನಲ್ಲಿ ಮಾವನ ಕಾರು ಹಿಂದುಗಡೆಯಿಂದ 'ಕಟಕಟ ಕಟ್' ಎಂದಾಗ ವಸಂತ ಗಕ್ಕನೆ ಬ್ರೇಕ್ ಒತ್ತಿದ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ, ಒತ್ತಿದರೆ ಚಂಗನೆ ನೆಗೆಯುವ ಕಾರು ಅದು. ಹೊರಮಾವಿನ ಆ ಮನೆಯಲ್ಲಿ ಮುನಿಆಂಜನಪ್ಪನವರ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಅವರು ಅದೇಕೋ ಬಸ್ಸಿನಲ್ಲಿ ಹೊರಟಿದ್ದರು. "ಅಳಿಯಂದ್ರೇ, ಕಾರಿಗೆ ನೀವೇ ಕಾವಲು. ನಾಲ್ಕಕ್ಕೆ ಬತ್ತೀನಿ," ಎಂದಿದ್ದರು. ಕಾವಲುಗಾರ ಹತ್ತು ನಿಮಿಷ ತಡೆದುಕೊಂಡಿದ್ದ.

ಮನೆಅಳಿಯನಾಗಿ ಮೂರು ವರ್ಷವಾದ ಮೇಲೆ ಸಿಕ್ಕ ಮೊದಲ ನಂಬಿಕೆ. ಅದೂ ಹೋದರೆ ಆ ಮನೆಯಲ್ಲಿ ಟಿವಿ ರಿಮೋಟು ಕೂಡ ತನ್ನ ಕೈಗೆ ಬರುವುದಿಲ್ಲವೆಂದು ವಸಂತನಿಗೆ ನಿಜಕ್ಕೂ ಭಯವಾಯಿತು.

ಶಿವಾಜಿನಗರದಲ್ಲಿ ಮೆಕ್ಯಾನಿಕ್ ಅನೀಸನ ಶೆಡ್ಡಿನ ಮುಂದೆ ಕಾರು ನಿಂತದ್ದೇ ತಡ, ಪಕ್ಕದ ಚಹಾ ಅಂಗಡಿಯೇ ಎದ್ದು ಬಂತು.

"ಬೇರಿಂಗ್ ಹೋಗಿದೆ ಗುರು."

"ಬೇರಿಂಗೂ ಇಲ್ಲ, ಏನೂ ಇಲ್ಲ. ದೃಷ್ಟಿ ತಾಕಿದೆ, ನಿಂಬೆಹಣ್ಣು ಕಟ್ಟಿ."

ಅನೀಸ್ ಕಾರನ್ನು ನೇರ ಓಡಿಸಿದ. ಸದ್ದಿಲ್ಲ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕಟಕಟ.

"ಡಿಫರೆನ್ಷಿಯಲ್, ಭಾಯ್. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ಓಡ್ಬೇಕು, ಒಳಗಿಂದು ಕಮ್ಮಿ. ಇಬ್ರಿಗೂ ರಾಜಿ ಮಾಡ್ಸೋ ಡಬ್ಬಿ ಇದು. ಎಣ್ಣೆ ಸತ್ತೋಗಿದೆ, ಒಳಗೆ ಪ್ಲೇಟ್‌ಗಳು ಜಗಳ ಆಡ್ತಾ ಇವೆ."

"ನಾನು ಒಡೆದುಹಾಕಿಲ್ಲ ತಾನೇ?"

"ಅರೆ, ಇಲ್ಲ. ಹೊಸ ಎಣ್ಣೆ ಹಾಕ್ತೀನಿ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗ್ಸಿ ಹತ್ತು ಸಲ ಎಂಟು ಹಾಕಿ. ಎಣ್ಣೆ ಪ್ಲೇಟಿಗೆ ಹಿಡೀಬೇಕು."

ಕಾರಿನಡಿ ಟಾರ್ಚ್ ಹಿಡಿದು ಮಲಗಿದ್ದ ವಸಂತನ ನೆತ್ತಿಗೆ ಹಳೆಯ ಎಣ್ಣೆ ತೊಟ್ಟಿಕ್ಕಿತು. ಹಳೆಯದಿರಲಿ ಹೊಸದಿರಲಿ, ಆ ಎಣ್ಣೆಗೆ ಕೊಳೆತ ಮೊಟ್ಟೆಯ ನಾತ.

ಎಂಟು ಹಾಕಲು ಜಾಗವೆಲ್ಲಿ? ಕೆ.ಆರ್. ಪುರದ ಡ್ರೈವಿಂಗ್ ಸ್ಕೂಲಿನ ಮೈದಾನ ನೆನಪಾಯಿತು. ಅಲ್ಲಿಗೆ ಹೋಗಿ ಎಂಟು ಹಾಕತೊಡಗಿದಾಗ ಅಲ್ಲಿನ ಮೇಷ್ಟ್ರು ಅಮೃತಪ್ಪ ಕಾರಿನ ಜೊತೆಜೊತೆಗೇ ಓಡಿದರು.

"ಕ್ಲಚ್ ನಿಧಾನಕ್ಕೆ ಬಿಡ್ರೀ!"

"ಇದ್ರಲ್ಲಿ ಕ್ಲಚ್ಚೇ ಇಲ್ಲ ಸಾರ್!"

"ಇಂಡಿಕೇಟರ್ ಆದ್ರೂ ಹಾಕ್ರೀ!"

ಐದನೇ ಎಂಟಿಗೆ ಸದ್ದು ತಗ್ಗಿತು. ಹತ್ತಕ್ಕೆ ಪೂರ್ತಿ ನಿಂತಿತು. ವಸಂತ ಸ್ಟೇರಿಂಗಿಗೆ ಹಣೆ ಹಚ್ಚಿ ಕೈಮುಗಿದ. ಗಡಿಯಾರ ಮೂರೂಕಾಲು ದಾಟಿತ್ತು.

ಮೂರೂಮುಕ್ಕಾಲಿಗೆ ಕಾರಿನ ಮೇಲೆ ಹೊದಿಕೆ, ಮೊಳೆಯಲ್ಲಿ ಕೀಲಿ. ತಲೆಗೆ ಮೂರು ಸಲ ಸೋಪು ಹಾಕಿದ. ಅಷ್ಟರಲ್ಲಿ ಅತ್ತೆ ಮುನಿಗಂಗಮ್ಮ, "ಎಲ್ಲೋ ಮೊಟ್ಟೆ ಕೊಳ್ತೈತೆ," ಎಂದು ಅಡುಗೆಮನೆಯನ್ನೆಲ್ಲ ತಡಕಾಡುತ್ತಿದ್ದರು.

ನಾಲ್ಕಕ್ಕೆ ಮಾವ ಬಂದರು, ಕಾರು ಕಂಪನಿಯ ಇಂಜಿನಿಯರನ್ನು ಕರೆದುಕೊಂಡು.

"ಬನ್ನಿ ಅಳಿಯಂದ್ರೇ! ತಿಂಗಳಿಂದ ಕಟಕಟ ಅಂತೈತೆ, ಇವ್ರ ಮುಂದೆ ಮಾತ್ರ ಅನ್ನಲ್ಲ. ನೆನ್ನೆಯಿಂದ ಜೋರಾಗಿ ಹಿಡ್ಕೊಂಡೈತೆ. ಅದು ಹಂಗೇ ಇರ್ಲಿ ಅಂತ್ಲೇ ನಾನು ಬಸ್ಸಲ್ಲಿ ಹೋದದ್ದು. ಇವತ್ತು ಕೇಳ್ಸಿದ್ರೆ ಹೊಸ ಕಾರು ಕೊಡ್ತಾರಂತೆ. ಬಂದ್ರೆ ಓಡ್ಸೋದು ನೀವೇ!"

ವಸಂತ ಮೊಳೆಯಿಂದ ಕೀಲಿ ತಂದುಕೊಟ್ಟ. ಇಂಜಿನಿಯರ್ ಬೀದಿಯಲ್ಲಿ ನಾಲ್ಕು ಸುತ್ತು ತಿರುಗಿಸಿದ. ಕಾರು ಉಸಿರೆತ್ತಲಿಲ್ಲ. ಮಾವನ ಮುಖ ಸಣ್ಣಗಾದದ್ದನ್ನು ನೋಡಿ ವಸಂತನಿಗೆ ಅಳುವೇ ಬಂತು.

ಇಂಜಿನಿಯರ್ ಕಾರಿನಡಿ ತೂರಿ ಕೈಯಾಡಿಸಿದ. "ಎಣ್ಣೆ ಹೊಸದು ಸಾರ್. ಹೊರಗಿನೋರು ಯಾರೋ ಬಿಚ್ಚಿದಾರೆ. ಇನ್ನು ಹೊಸ ಕಾರಿನ ಮಾತೇ ಇಲ್ಲ."

"ಯಾವನ್ರೀ ಮುಟ್ತಾನೆ? ಬೆಳಗ್ಗಿಂದ ನನ್ನ ಅಳಿಯ ಕಾವಲಿದ್ದ!" ಮುನಿಆಂಜನಪ್ಪನವರು ಸಾಕ್ಷಿಯನ್ನು ಎಳೆದು ತೋಳಲ್ಲಿ ತಬ್ಬಿಕೊಂಡರು. ಇಂಜಿನಿಯರ್ ಎಣ್ಣೆ ಮೆತ್ತಿದ ಬೆರಳು ಚಾಚಿದ. ಮಾವ ಬೆರಳನ್ನು ಮೂಸಿದರು. ಆಮೇಲೆ ಮೂಗಿನ ಕೆಳಗೇ ಇದ್ದ ಅಳಿಯನ ತಲೆಯನ್ನು ಮೂಸಿದರು.

ಒಳಗಿನಿಂದ ಮುನಿಗಂಗಮ್ಮ ಕೂಗಿದರು: "ಏನೂಂದ್ರೆ, ಒಳಗೆ ಮೊಟ್ಟೆ ವಾಸ್ನೆ ನಿಂತೋಯ್ತು. ಹೊರಗೇನಾದ್ರೂ ಬಂತಾ?"

"ಬಂದೈತೆ ಕಣೆ," ಎಂದರು ಮುನಿಆಂಜನಪ್ಪನವರು, ಹಿಡಿತ ಬಿಗಿಮಾಡುತ್ತ. "ನನ್ನ ಕಂಕುಳಲ್ಲೇ ಐತೆ."