ನನ್ನದೇ ಕೋಟೆಗೆ ನಾನು ಹಾಕಿದ ಮುತ್ತಿಗೆ

ಇದು ನಡೆದದ್ದು 2004ರಲ್ಲೋ 2005ರಲ್ಲೋ ನನಗೆ ಖಚಿತವಿಲ್ಲ. 2004 ಎನ್ನುತ್ತಾಳೆ ಹೆಂಡತಿ ಸುಮಾ, ಏಕೆಂದರೆ ಅಂದು ನಾನು ಮುಂಡಾಸು ಮಾಡಿಕೊಂಡು ಹಾಳುಗೆಡವಿದ್ದು ಆ ವರ್ಷ ಚೌತಿಗೆ ತೆಗೆದ ಅವಳ ಸೀರೆ. ಅವಳ ತಮ್ಮ ಗಿರೀಶ 2005 ಎನ್ನುತ್ತಾನೆ, ಏಕೆಂದರೆ ಆಗ ಅವನ ಬೈಕು ಹೊಸದು. ಎರಡೂ ಪ್ರಬಲ ಸಾಕ್ಷ್ಯಗಳೇ. ಯಾರೋ ಒಬ್ಬರು ಹ್ಯಾಂಡಿಕ್ಯಾಮ್ ತಂದಿದ್ದರು. ಅದರ ಬ್ಯಾಟರಿ ಉದ್ಘಾಟನೆಯ ಭಾಷಣಕ್ಕೇ ಮುಗಿದುಹೋಯಿತು. ಭಾಷಣ ನನ್ನದು! ಆದ್ದರಿಂದ ಮುಂದಿನದನ್ನೆಲ್ಲ ಓದುಗರು ತಕ್ಕಷ್ಟು ಅನುಮಾನ ಇಟ್ಟುಕೊಂಡೇ ಓದಬೇಕಾಗಿ ವಿನಂತಿ.

ನಾನು ಕಾರವಾರದಲ್ಲಿ ಇತಿಹಾಸದ ಉಪನ್ಯಾಸಕ. ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತದ್ದು ಒಂದೇ: ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವುದು. ಹೆಣ್ಣು ನೋಡಲು ಹೋದಾಗ "ಹುಡುಗಿ ಅಡುಗೆ ಚಲೋ ಮಾಡ್ತದೆ" ಎಂದವರಿಗೂ ಇದನ್ನೇ ಕೇಳಿದ್ದೆನಂತೆ. ನನಗೆ ನೆನಪಿಲ್ಲ. ಮಾವನಿಗೆ ಚೆನ್ನಾಗಿ ನೆನಪಿದೆ.

ಮಾವ ಬಿಣಗಾದಲ್ಲಿ ಕಾರ್ಖಾನೆಯ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನಲ್ಲಿ ಮನುಷ್ಯರು ಎರಡೇ ಜಾತಿ. ಯಂತ್ರ ಓಡಿಸುವವರು ಒಂದು, ಯಂತ್ರ ಯಾಕೆ ಓಡುತ್ತಿಲ್ಲ ಎಂದು ವಿವರಿಸುವವರು ಇನ್ನೊಂದು. ಅಳಿಯ ಎರಡನೆಯ ಜಾತಿ ಎಂಬುದು ಅವರಿಗೆ ಮದುವೆಯ ಮಂಟಪದಲ್ಲೇ ಗೊತ್ತಾಗಿತ್ತು. ಒಂದೇ ಒಂದು ಸಲ ಅವರ ಬಾಯಲ್ಲಿ "ಇವರಿಂದ ಒಂದು ಕೆಲಸ ಆಯ್ತು" ಎನ್ನಿಸಿಕೊಳ್ಳಬೇಕು ಎಂಬುದು ನನ್ನ ಬಹುಕಾಲದ ಆಸೆ.

ಅಷ್ಟರಲ್ಲಿ ಟೀವಿಯಲ್ಲಿ ಒಂದು ದೃಶ್ಯ ನೋಡಿದೆ. ಪರದೇಶದ ಜನ ಹಳೆಯ ಕೋಟೆಗಳಿಗೆ ಸೈನಿಕರ ವೇಷ ತೊಟ್ಟು ಹೋಗಿ, ಡೇರೆ ಹಾಕಿ, ಒಲೆ ಹೂಡಿ, ಅಂದಿನ ಯುದ್ಧವನ್ನು ಇದ್ದ ಹಾಗೆಯೇ ಮಾಡಿ ತೋರಿಸುತ್ತಿದ್ದರು. ನಮ್ಮ ಅಂಕೋಲೆ ಕಡೆ ಕೋಟೆಗೇನು ಕೊರತೆ? ಒಂದನ್ನು ಆರಿಸಿಯೇಬಿಟ್ಟೆ. ಹೆಸರು ಹೇಳುವುದಿಲ್ಲ, ಕೋಟೆಯ ಮಾನವಾದರೂ ಉಳಿಯಲಿ.

"ಎಂತಾ ಯುದ್ಧ ಮಾಡ್ತ್ರಿ?" ಸುಮಾ ಕೇಳಿದಳು.

"ಮುತ್ತಿಗೆ. ವೈರಿಗಳು ಹೊರಗೆ, ನಾನು ಕೋಟೆ ಕಾಯುವ ಕಿಲ್ಲೇದಾರ, ಒಳಗೆ."

"ಆವತ್ತು ಗೆದ್ದದ್ದು ಯಾರು?"

"ಅದಕ್ಕೆ ದಾಖಲೆ ಸಿಕ್ಕಿಲ್ಲ."

"ಹಾಂಗಾದ್ರೆ ನೀವೇ ಸೋಲಿ. ಜನಕ್ಕೆ ನಂಬೂಕೆ ಸಸಾರ."

ಮಾವನ ಮುಂದೆ ಒಂದು ತಾಸು ಯೋಜನೆ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಾಗ್ಲು ಎಲ್ಲದೆ?"

ಕೋಟೆಗೆ ಕಮಾನು ಇತ್ತು, ಬಾಗಿಲು ಇರಲಿಲ್ಲ. ಮರುದಿನದಿಂದಲೇ ಮಾವ ಹಲಗೆ, ಕಬ್ಬಿಣದ ಪಟ್ಟಿ ತರಿಸಿ ಕೆಲಸಕ್ಕೆ ಇಳಿದರು. ಒಳಗಿನಿಂದ ಹಾಕುವ ಅಗುಳಿ ನನ್ನ ತೋಳಿಗಿಂತ ದಪ್ಪ! ಆ ಯುದ್ಧದಲ್ಲಿ ಹೇಳಿದ ಹಾಗೆ ಕೆಲಸ ಮಾಡಿದ್ದು ಆ ಬಾಗಿಲೊಂದೇ.

ಒಳಗಿನ ಸೈನ್ಯಕ್ಕೆ ನನ್ನ ವಿದ್ಯಾರ್ಥಿಗಳು, ಅವರ ನಾಯಕ ಗಿರೀಶ. ವೈರಿ ಸೈನ್ಯಕ್ಕೆ ಭಾವಿಕೇರಿಯ ರೈತ ಬೊಮ್ಮಯ್ಯ ಮತ್ತು ಅವನ ನೆಂಟರು. ವೈರಿಗಳು ಪಟಾಕಿ ಹೊಡೆದು ಬಾಗಿಲಿಗೆ ನುಗ್ಗಬೇಕು, ಗಿರೀಶ ಮೆಲ್ಲಗೆ ಅಗುಳಿ ಎಳೆಯಬೇಕು, ಘೋರ ಕಾಳಗವಾಗಬೇಕು, ಕೊನೆಯಲ್ಲಿ ನಾನು ಪುಟ್ಟ ಭಾಷಣ ಮಾಡಿ ಮಡಿಯಬೇಕು.

ಎರಡು ಕಡೆಯವರಿಗೂ ಎರಡು ಆಜ್ಞೆ ಕೊಟ್ಟೆ. ಬೊಮ್ಮಯ್ಯನಿಗೆ, "ಇದು ನಾಟಕ ಅಲ್ಲ. ನಿಜವಾಗಿ ಯುದ್ಧಕ್ಕೆ ಹೊರಟರೆ ನೀವು ಏನೇನು ಮಾಡುತ್ತಿದ್ದಿರೋ ಎಲ್ಲ ಮಾಡಬೇಕು." ಗಿರೀಶನಿಗೆ, "ಪಟಾಕಿ ಹೊಡೆಯದೆ ಅಗುಳಿ ತೆಗೆಯಬೇಡ. ಯಾರು ಬಂದು ಅತ್ತರೂ ತೆಗೆಯಬೇಡ. ನಾನೇ ಬಂದು ಅತ್ತರೂ!"

ಇಬ್ಬರೂ ನನ್ನ ಮಾತನ್ನು ಚಾಚೂತಪ್ಪದೆ ಪಾಲಿಸಿದರು. ಅದೇ ಅನಾಹುತವಾಯಿತು.

ಅಂದು ಕೋಟೆಯೊಳಗೆ ಶಾಮಿಯಾನ, ಕುರ್ಚಿ, ಸಾಕಷ್ಟು ಜನ. ಮುಂದಿನ ಸಾಲಿನಲ್ಲಿ ಮಾವ. ನಾನು ಬುರುಜಿನ ಮೇಲೆ ತಗಡಿನ ಕತ್ತಿ ಹಿರಿದು "ಬರಲಿ ವೈರಿ!" ಎಂದು ಗರ್ಜಿಸಿದೆ. ವೈರಿ ಬರಲಿಲ್ಲ. ಮತ್ತೆ ಗರ್ಜಿಸಿದೆ. ಒಂದು ಕಾಗೆ ಬಂತು.

ಬಿಸಿಲು ನೆತ್ತಿಗೆ ಬಂದಿತ್ತು. ಕೆಳಗೆ ಅಮ್ಮನವರ ಗುಡಿಯ ಹತ್ತಿರ ವೈರಿಗಳು ನೆರಳಿನಲ್ಲಿ ಸುಮ್ಮನೆ ಕುಳಿತಿರುವುದು ಕಾಣುತ್ತಿತ್ತು. ಹಿಂದಿನಿಂದ ಮಾವನ ದನಿ ಕೇಳಿತು. "ಎಂತದು, ಶುರು ಆಗೂದಿಲ್ವೋ?"

ತಡೆಯಲಾಗಲಿಲ್ಲ. ಇನ್ನೂ ಅಗುಳಿ ಹಾಕಿರದ ಬಾಗಿಲು ತೆರೆದು, ಬಿಚ್ಚಿಕೊಳ್ಳುತ್ತಿದ್ದ ಮುಂಡಾಸು ಎತ್ತಿ ಹಿಡಿದುಕೊಂಡು ಇಳಿಜಾರಿನಲ್ಲಿ ಓಡಿದೆ. ಮುತ್ತಿಗೆಗೆ ಒಳಗಾದ ಕಿಲ್ಲೇದಾರ "ದಯವಿಟ್ಟು ಮುತ್ತಿಗೆ ಹಾಕಿ" ಎಂದು ಬೇಡಲು ವೈರಿಯ ಪಾಳೆಯಕ್ಕೆ ಹೋದದ್ದು ಪ್ರಪಂಚದ ಇತಿಹಾಸದಲ್ಲಿ ಅದೇ ಮೊದಲಿರಬೇಕು.

"ಬೊಮ್ಮಯ್ಯಾ, ಯಾಕೋ ಬರಲಿಲ್ಲ?"

"ಬರೂಕೆ ಆಗೂದಿಲ್ಲ ಮಾಸ್ತರ್ರೆ. ಪ್ರಸಾದ ಎಡಕ್ಕಾಯ್ತು."

ನಮ್ಮ ಕಡೆ ಯಾವ ದೊಡ್ಡ ಕೆಲಸಕ್ಕೂ ಮೊದಲು ದೇವರ ಮೂರ್ತಿಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಹಚ್ಚಿ ಅಪ್ಪಣೆ ಕೇಳುವುದುಂಟು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮದುವೆ, ಬಾವಿ, ಮನೆ, ಎಲ್ಲಕ್ಕೂ ಕೇಳುವವರು ಯುದ್ಧಕ್ಕೆ ಕೇಳದೆ ಇರುತ್ತಾರೆಯೇ?

"ಅದು ನಿಜವಾದ ಯುದ್ಧಕ್ಕೆ ಮಾರಾಯ! ಇದು ಪ್ರದರ್ಶನ!"

"ನೀವೇ ಅಲ್ವೋ ಹೇಳದ್ದು, ನಿಜವಾದ ಯುದ್ಧಕ್ಕೆ ಹೋಗೂ ಹಾಂಗೇ ಎಲ್ಲ ಮಾಡಿ ಅಂತ?"

"ಇನ್ನೊಂದು ಸಲ ಕೇಳು."

"ಅಮ್ಮ ಒಂದು ಸಲ ಬ್ಯಾಡ ಅಂದ ಮೇಲೆ ಮತ್ತೆ ಕೇಳೂದೇ? ನೀವು ಕಲ್ತವರು, ನಿಮಗೆ ಗೊತ್ತಿಲ್ವೋ? ಈಗ ಊಟದ ಹೊತ್ತು, ಕೂತ್ಕಳಿ."

ಎಲೆಯ ಮೇಲೆ ಕುಚಲಕ್ಕಿ ಅನ್ನ, ಬಂಗಡೆ ಸಾರು, ಮೇಲಿಂದ ಹುರಿದ ಬಂಗಡೆ. ನನಗೆ ಇಂದಿಗೂ ಒಂದು ಅನುಮಾನ: ಹೂವು ಬಿದ್ದ ಮೇಲೆ ಬಂಗಡೆ ಹುರಿದರೋ, ಬಂಗಡೆ ಹುರಿಯುವ ಪರಿಮಳಕ್ಕೆ ಹೂವು ಬಿತ್ತೋ? ಬೊಮ್ಮಯ್ಯನ ಮನಸ್ಸು ಒಲಿಸಲೆಂದೇ ನಾನು ಊಟಕ್ಕೆ ಕುಳಿತೆ. ರಾಜತಾಂತ್ರಿಕ ಕಾರಣಕ್ಕಾಗಿಯೇ ಎರಡನೆಯ ಬಂಗಡೆ ಹಾಕಿಸಿಕೊಂಡೆ. ಅವನ ಮನಸ್ಸು ಒಲಿಯಲಿಲ್ಲ.

ವಾಪಸು ಬಂದರೆ ಕೋಟೆಯ ಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಬಿದ್ದಿತ್ತು.

"ಗಿರೀಶಾ, ತೆಗಿಯೋ!"

ಒಳಗಿನಿಂದ ಗಂಭೀರ ದನಿ. "ಪಟಾಕಿ ಹೊಡದಿಲ್ಲ ಭಾವ."

"ಯುದ್ಧ ರದ್ದಾಗಿದೆ!"

"ವೈರಿ ಸಂಗಡ ಉಂಡು ಬಂದವ್ರ ಮಾತು ನಂಬೂದು ಹೇಗೆ? ನಮಗೆ ಇಲ್ಲಿ ಒಣ ಅವಲಕ್ಕಿ. ಬಂಗಡೆ ಪರಿಮಳ ಬುರುಜಿನ ತನಕ ಬಂದದೆ!"

"ಏ, ನಾನು ಕಿಲ್ಲೇದಾರ!"

"ನೀವೇ ಬಂದು ಅತ್ತರೂ ತೆಗಿಬ್ಯಾಡ ಅಂದಿದ್ರಿ. ಇನ್ನೂ ಅಳಲೇ ಇಲ್ಲ!"

ವಿದ್ಯಾರ್ಥಿಗಳು "ದ್ರೋಹಿ! ದ್ರೋಹಿ!" ಎಂದು ಕೂಗಿದರು. ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡದವರು! ಜನ ಕುರ್ಚಿ ಬಿಟ್ಟು ಗೋಡೆ ಹತ್ತಿ ನಿಂತರು. ಸುಮಾ ಮೇಲಿನಿಂದ, "ಸೀರೆ ಮಣ್ಣಿಗೆ ಎಳೀತದೆ, ಎತ್ತಿ ಕಟ್ಕಳಿ!" ಎಂದಳು. ಗಂಡನ ಬಗ್ಗೆ ಒಂದು ಮಾತಿಲ್ಲ.

ತಮಾಷೆ ನೋಡಲು ನನ್ನ ಹಿಂದೆಯೇ ಬಂದಿದ್ದ ಬೊಮ್ಮಯ್ಯನಿಗೆ ತಿರುಗಿ ಕೈಮುಗಿದೆ. "ಬಾರೋ, ಒಂದು ಕೈ ಹಚ್ಚು."

"ನಿಮ್ಮ ಮೇಲೆ ಕನಿಕರ ಅದೆ ಮಾಸ್ತರ್ರೆ. ಆದ್ರೆ ಇವತ್ತು ಈ ಕೋಟೆ ಮುಟ್ಟೂಕೆ ಅಪ್ಪಣೆ ಇಲ್ಲ," ಎಂದು ಅವನು ಎಲೆಯಡಿಕೆ ತೆಗೆದ.

ಉಳಿದದ್ದು ನಾನೊಬ್ಬನೇ. ಹಿಂದೆ ಸರಿದು, ಓಡಿ ಬಂದು, ಭುಜದಿಂದ ಗುದ್ದಿದೆ. ಬಾಗಿಲು ಅಲುಗಲಿಲ್ಲ. ಕಾಲಿನಿಂದ ಒದ್ದೆ. ಕಾಲು ಅಲುಗಿತು. ತಗಡಿನ ಕತ್ತಿ ತುರುಕಿ ಮೀಟಿದೆ. ಕತ್ತಿ ಕೊಡೆಯ ಹಿಡಿಯ ಹಾಗೆ ಬಾಗಿತು. ಒಂದೊಂದು ಸಲಕ್ಕೂ ಗೋಡೆಯ ಮೇಲೆ ಚಪ್ಪಾಳೆ! ಆ ಚಪ್ಪಾಳೆಯಲ್ಲಿ ಮಾವನ ಕೈಯೂ ಇತ್ತೆಂದು ಸುಮಾ ಹೇಳುತ್ತಾಳೆ, ಗಿರೀಶ ಇಲ್ಲವೆನ್ನುತ್ತಾನೆ. ನಾನು ನೋಡುವ ಸ್ಥಿತಿಯಲ್ಲಿರಲಿಲ್ಲ.

ಸೋತು ಹೊಸ್ತಿಲಲ್ಲಿ ಕುಸಿದು ಕುಳಿತೆ. ಮಾವನಿಂದ ಮೆಚ್ಚುಗೆ ಪಡೆಯುವ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಪಕ್ಕದಲ್ಲಿ ಯಾರೋ ಬಂದು ನಿಂತರು. ತಲೆ ಎತ್ತಿದರೆ ಮಾವ! ಕೈಯಲ್ಲಿ ಒಂದು ಲೋಟ ಮುರುಗಲ ಪಾನಕ.

"ಕುಡೀರಿ," ಎಂದರು. ನಾನು ಕುಡಿದೆ. ಅವರು ಬಾಗಿಲಿನ ಪಟ್ಟಿಯ ಮೇಲೆ ಕೈಯಾಡಿಸಿದರು. ಒಂದು ಮೊಳೆಯೂ ಸಡಿಲವಾಗಿರಲಿಲ್ಲ. ಅವರ ಮುಖದಲ್ಲಿ ಅಂಥ ಸಂತೋಷ ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ.

"ಬಾಗ್ಲು ಹೇಗದೆ?"

"ಗಟ್ಟಿ ಅದೆ ಮಾವ."

"ನೀವು ಗುದ್ದಿದ್ದು ಚಲೋ ಆಯ್ತು. ಇಲ್ದಿದ್ರೆ ಎಷ್ಟು ಗಟ್ಟಿ ಅದೆ ಅಂತ ಈ ಜನಕ್ಕೆ ಗೊತ್ತೇ ಆಗ್ತಿರಲಿಲ್ಲ. ಇವತ್ತು ನಿಮ್ಮಿಂದ ಒಂದು ಕೆಲಸ ಆಯ್ತು." ಆಮೇಲೆ ಬಾಗಿಲು ತಟ್ಟಿ, "ಗಿರೀಶಾ, ತೆಗಿಯೋ, ಪರೀಕ್ಷೆ ಮುಗೀತು!" ಎಂದರು.

ಅಗುಳಿ ತಕ್ಷಣ ಸರಿಯಿತು. ನಾನು ನನ್ನ ಕೋಟೆಗೆ ಮಾವನ ಹಿಂದೆ, ಕುಂಟುತ್ತ, ಬಾಗಿದ ಕತ್ತಿಯೊಂದಿಗೆ ಪ್ರವೇಶಿಸಿದೆ. ಜನ ಅದನ್ನೇ ವಿಜಯೋತ್ಸವ ಎಂದು ತಿಳಿದು ಶಿಳ್ಳೆ ಹಾಕಿದರು.

ಎಷ್ಟೋ ದಿನಗಳಾದ ಮೇಲೆ, ತಲೆಗೆ ನೀರು ಹುಯ್ದುಕೊಳ್ಳುವಾಗ, ಒಂದು ಪ್ರಶ್ನೆ ಹೊಳೆಯಿತು. ಬಾಗಿಲು ಮುಚ್ಚಿದ್ದರೆ, ಅಗುಳಿ ಹಾಕಿದ್ದರೆ, ಒಳಗಿದ್ದ ಮಾವ ಹೊರಗೆ ಬಂದದ್ದು ಹೇಗೆ?

ಗಿರೀಶನನ್ನು ಕೇಳಿದೆ.

"ಬುರುಜಿನ ಆಚೆ ಗೋಡೆ ಬಿದ್ದದೆ ಅಲ್ವೋ ಭಾವ, ಅಲ್ಲಿಂದ. ಎಲ್ಲರಿಗೂ ಗೊತ್ತದೆ. ನೀವು ಬಾಗ್ಲನ್ನೇ ಗುದ್ದತಾ ಇದ್ರಿ. ಇತಿಹಾಸದಲ್ಲಿ ಹಾಂಗೇ ಇರಬೇಕು ಅಂತ ನಾವು ಸುಮ್ಮನಿದ್ದದ್ದು."

ನಾನು ನಂಬಲಿಲ್ಲ. ನಾನು ಅಭ್ಯಾಸ ಮಾಡಿದ್ದ ಹಳೆಯ ನಕ್ಷೆಯಲ್ಲಿ ಗೋಡೆ ಸುತ್ತಲೂ ಅಖಂಡವಾಗಿತ್ತು. ಮುಂದಿನ ಭಾನುವಾರವೇ ಅಂಕೋಲೆಯ ಬಸ್ಸು ಹತ್ತಿ, ಅಳತೆಯ ಪಟ್ಟಿ ಹಿಡಿದು ಹೋದೆ. ಗೋಡೆ ಬಿದ್ದಿರುವುದು ನಿಜ. ಬಾಗಿಲಿನಿಂದ ಎಡಕ್ಕೆ ತಿರುಗಿದರೆ ಅಲ್ಲೇ. ಶಾಮಿಯಾನ ಮತ್ತು ಕುರ್ಚಿ ತಂದ ಟೆಂಪೋ ಒಳಗೆ ಹೋಗಿ ಬಂದ ಚಕ್ರದ ಗುರುತು ಇನ್ನೂ ಮಣ್ಣಿನಲ್ಲಿತ್ತು. ಅಡ್ಡಗಲ ಅಳೆದೆ. ಸಂಶಯಕ್ಕೆ ಎಡೆಯಿರಬಾರದೆಂದು ಎರಡನೆಯ ಸಲವೂ ಅಳೆದೆ. ಟೆಂಪೋ ಸಲೀಸಾಗಿ ಹಿಡಿಸುತ್ತದೆ.